ಗುಂಪಿನ್ಯಾಗ ಒಬ್ಬಾಕಿನೇ ಬರೀತಾಳ, ಉಳಿದವ್ರು ಕಿಡಕಿ ನೋಡ್ತಾರ: ಕ್ಲಾಸಿನ್ಯಾಗ ಹುಡುಗ್ರನ್ನ ಮಾತಾಡ್ಸೋದು ಹ್ಯಾಂಗ

ನಮ್ ಕಡಿ ಯಾವ ಹೈಸ್ಕೂಲಿಗೇ ಹೋಗ್ರಿ, ಗುಂಪು ಚಟುವಟಿಕೆ ಅಂದ್ರ ಒಂದೇ ನಮೂನಿ ಕಾಣ್ತದ. ಆರು ಮಂದಿ ಸುತ್ತ ಕುಂತಿರ್ತಾರ, ನಡುವ ಒಂದು ಚಾರ್ಟು, ಅಕ್ಷರ ದುಂಡಗಿರೋ ಒಬ್ಬಾಕಿ ಬರೀಲತ್ತಿರ್ತಾಳ, ಒಬ್ಬ ಆಕಿಗಿ ಸ್ಕೆಚ್‌ಪೆನ್ ತೆಗದು ಕೊಡ್ತಿರ್ತಾನ, ಉಳಿದ ನಾಕು ಮಂದಿ ಕಿಡಕ್ಯಾಗಿಂದ ಹೊರಗ ನೋಡ್ತಿರ್ತಾರ. ಸಿಆರ್‌ಪಿ ಸರ್ (ಸುತ್ತಿನ ಶಾಲಿಗೋಳ್ನ ನೋಡ್ಕೊಳೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದ್ರು, ಫೋಟೋ ತಗೊಂಡ್ರು, ವಾಟ್ಸಾಪ್ ಗ್ರೂಪಿಗಿ ಹಾಕಿದ್ರು, ಚಟುವಟಿಕೆ ಮುಗೀತು. ಆಮ್ಯಾಲ ಸ್ಟಾಫ್‌ರೂಮಿನ್ಯಾಗ ಕುಂತು "ನಮ್ ಹುಡುಗ್ರು ಬಾಯೇ ಬಿಡಂಗಿಲ್ರಿ, ಇವ್ರಿಗಿ ಇದೆಲ್ಲ ಆಗ್ಲಾರ್ದು" ಅಂತ ನಾವೇ ಅಂತೀವಿ.

ಅದೇ ಹುಡುಗ್ರು ಊಟದ ಬೆಲ್ ಹೊಡದ ಮ್ಯಾಲ ನೋಡ್ರಿ, ಮೊಟ್ಟಿ ಯಾರಿಗಿ ಬಂತು ಯಾರಿಗಿ ಬಾಳೆಹಣ್ಣು ಬಂತು ಅಂತ ವಕೀಲರಂಗ ವಾದ ಮಾಡ್ತಾರ. ಮಾತಿಗೇನ್ ಬರ ಇಲ್ಲ. ನನ್ನ ಪ್ರಕಾರ ಕಸರ ಇರೋದು ನಾವು ಕೊಡೋ ಕೆಲಸದಾಗ, ಒಬ್ಬರೇ ಮುಗಸಬಹುದಾದ ಕೆಲಸ ಆರು ಮಂದಿಗಿ ಕೊಟ್ರ ಒಬ್ಬರೇ ಮುಗಸ್ತಾರ, ಅದರಾಗ ಆಶ್ಚರ್ಯ ಏನದ. ಅಮೆರಿಕದ ಮಿನೆಸೋಟ ಯೂನಿವರ್ಸಿಟಿಯ ಡೇವಿಡ್ ಜಾನ್ಸನ್, ರೋಜರ್ ಜಾನ್ಸನ್ ಅಂತ ಇಬ್ರು ಅಣ್ಣತಮ್ಮಂದಿರು ಸಹಕಾರಿ ಕಲಿಕೆ ಮ್ಯಾಲ ದಶಕಗಟ್ಲೆ ಕೆಲಸ ಮಾಡ್ಯಾರ, ಅವ್ರು ಹೇಳೋ ಷರತ್ತಿನ್ಯಾಗ ಮುಖ್ಯವಾದವು ಎರಡು: ಒಬ್ಬರಿಲ್ದೆ ಇನ್ನೊಬ್ಬರ ಕೆಲಸ ಮುಗೀಬಾರ್ದು, ಮತ್ತ ಗುಂಪಿನ ಹಿಂದ ಯಾರೂ ಅಡಗಿ ಕುಂದ್ರಬಾರ್ದು. ಕೆಳಗ ಹೇಳೋದೆಲ್ಲ ಈ ಎರಡರ ಸುತ್ತೇ ಅದ.

ಇದು 5ರಿಂದ 10ನೇ ಕ್ಲಾಸ್ ತಗೊಳೋ ಸರ್-ಮೇಡಂಗೋಳಿಗಿ. ಕೆಳಗಿನ ಕ್ಲಾಸಿನ್ಯಾಗ ನಲಿ-ಕಲಿ ಅದ, 1995ರಾಗ ಹೆಗ್ಗಡದೇವನಕೋಟೆ ಕಡಿ ಚಾಲೂ ಆಗಿದ್ದು, ಅಲ್ಲಿ ಹುಡುಗ್ರು ತಟ್ಟೆ ಪ್ರಕಾರ, ಅಂದ್ರ ಯಾರ ಸಹಾಯ ಎಷ್ಟು ಬೇಕು ಅನ್ನೋದರ ಮ್ಯಾಲ, ಗುಂಪಾಗಿ ಕೂಡ್ತಾರ, ಗೆಳ್ಯಾರಿಂದ ಕಲೀತಾರ, ನೆಲದ ಮ್ಯಾಲ ಬರೀತಾರ. ಆಮ್ಯಾಲ ನಾಕನೇ ಕ್ಲಾಸಿಗಿ ಬಂದ ಕೂಡ್ಲೇ ನಾವು ಅವ್ರನ್ನ ಸಾಲಾಗಿ ಬೋರ್ಡಿಗಿ ಮುಖ ಮಾಡಿ ಕೂಡ್ಸಿ ಬಾಯಿ ಮ್ಯಾಲ ಬಳ್ಳ ಇಡು ಅಂತೀವಿ. ಎಂಟನೇ ಕ್ಲಾಸಿನ್ಯಾಗ ಮತ್ತ ಮಾತಾಡ್ರಿ ಅಂದ್ರ ಹ್ಯಾಂಗ ಬರಬೇಕು.

ಮೊದ್ಲು ಗುಂಪು ಬ್ಯಾಡ, ಇಬ್ಬಿಬ್ರು ಸಾಕು

ಆರು ಮಂದಿ ಗುಂಪಿನಿಂದ ಚಾಲೂ ಮಾಡಬ್ಯಾಡ್ರಿ. ಮೊದಲ್ನೇ ತಿಂಗಳು ಬರೇ ಜೋಡಿ. ಬೆಂಚಿನ ಮ್ಯಾಲ ಬಾಜೂಕ ಕುಂತವರೇ ಜೋಡಿ, ಎದ್ದು ಓಡಾಡೋದು ಇಲ್ಲ, ಬೆಂಚ್ ಎಳೆಯೋ ಸಪ್ಪಳ ಇಲ್ಲ, ಅರವತ್ತು ಮಂದಿ ಇರೋ ಕ್ಲಾಸಿನ್ಯಾಗೂ ನಡೀತದ. ಇದಕ್ಕ ಇಂಗ್ಲಿಷಿನ್ಯಾಗ ಥಿಂಕ್-ಪೇರ್-ಶೇರ್ ಅಂತಾರ, ಮೇರಿಲ್ಯಾಂಡ್ ಯೂನಿವರ್ಸಿಟಿಯ ಫ್ರ್ಯಾಂಕ್ ಲೈಮನ್ 1981ರಾಗ ಬರದಿದ್ದು. ಪ್ರಶ್ನಿ ಕೇಳ್ರಿ, ಒಂದು ನಿಮಿಷ ಎಲ್ಲರೂ ಸುಮ್ಮ ಕುಂತು ವಿಚಾರ ಮಾಡಿ ಪಟ್ಟಿಯೊಳಗ ಎರಡು ಸಾಲು ಗೀಚಲಿ, ಎರಡು ನಿಮಿಷ ಬಾಜೂಕಿನವರ ಜೋಡಿ ಮಾತಾಡಲಿ, ಆಮ್ಯಾಲ ನಾಕೈದು ಜೋಡಿಗಿ ಎಬ್ಬಿಸಿ ಕೇಳ್ರಿ. ಅಷ್ಟೇ.

ಆದ್ರ ಪ್ರಶ್ನಿ ಎಂಥದ್ದು ಅನ್ನೋದರ ಮ್ಯಾಲೇ ಎಲ್ಲ ನಿಂತದ. "ಆವಿಯಾಗುವಿಕೆ ಎಂದರೇನು" ಅಂತ ಕೇಳಿದ್ರ ಮಾತಾಡ್ಲಿಕ್ಕ ಏನೂ ಇಲ್ಲ, ಪುಸ್ತಕದಾಗ ಅದ, ಓದಿ ಹೇಳ್ತಾರ. ಅದರ ಬದ್ಲಿ ಏಪ್ರಿಲ್‌ನ್ಯಾಗ ಮಣ್ಣಿನ ಗಡಿಗ್ಯಾಗಿನ ನೀರು ತಣ್ಣಗಿರ್ತದ, ಅದರ ಬಾಜೂಕೇ ಇಟ್ಟ ಸ್ಟೀಲ್ ಕೊಡದ ನೀರು ಯಾಕ ಹಂಗಿರಲ್ಲ ಅಂತ ಕೇಳ್ರಿ. ಕಲಬುರಗಿ ಬಿಸಲಾಗ ಬೆಳದ ಹುಡುಗಗ ಇದರ ಬಗ್ಗೆ ಹೇಳ್ಲಿಕ್ಕ ಏನರೆ ಇದ್ದೇ ಇರ್ತದ. ಒಬ್ಬ ಗಡಿಗಿ ದಪ್ಪ ಅದ ಅಂತಾನ, ಒಬ್ಬಾಕಿ ಗಡಿಗಿ ಹೊರಗ ಒದ್ದಿ ಇರ್ತದಲ್ರಿ ಅಂತಾಳ, ಅಲ್ಲಿಂದ ಸಣ್ಣ ತೂತು, ಹೊರಗ ಬರೋ ನೀರು, ಅದು ಆವಿ ಆಗ್ತ ಒಳಗಿನ ಬಿಸಿ ತಗೊಂಡು ಹೋಗೋದು ತನಕ ಅವ್ರೇ ಬರ್ತಾರ. ಆಮ್ಯಾಲ ಎರಡನೇ ಪ್ರಶ್ನಿ: ಹಂಗಾದ್ರ ಮಳಿಗಾಲದಾಗ ಅದೇ ಗಡಿಗಿ, ಅದೇ ಕೂಲರ್ ಯಾಕ ಅಷ್ಟು ಕೆಲಸ ಮಾಡಂಗಿಲ್ಲ? ಗಾಳ್ಯಾಗ ಮೊದ್ಲೇ ನೀರಿನ ಆವಿ ಭಾಳ ಇದ್ರ ಹೊಸದು ಲಗೂನ ಆವಿ ಆಗಲ್ಲ, ಈ ಉತ್ತರ ಪುಸ್ತಕದಾಗ ಬ್ಯಾರೆ ಮಾತಿನ್ಯಾಗ ಅದ, ಆದ್ರ ಅವ್ರ ಬಾಯಿಂದ ಬಂದಾಗ ಪರೀಕ್ಷಾದಾಗ ಮರೀಯಂಗಿಲ್ಲ.

ಇನ್ನೊಂದು, ಪ್ರಶ್ನಿ ಕೇಳಿದ ಮ್ಯಾಲ ಸುಮ್ಮ ಇರೋದು. ಇದು ಕೇಳ್ಲಿಕ್ಕ ಸಣ್ಣದು, ಮಾಡ್ಲಿಕ್ಕ ಭಾಳ ಕಠಿಣ. ಮೇರಿ ಬಡ್ ರೋವ್ ಅಂತ ಅಮೆರಿಕದ ಸಂಶೋಧಕಿ 1970ರ ದಶಕದಾಗ ಕ್ಲಾಸಿನ ಮಾತುಕತಿ ರೆಕಾರ್ಡ್ ಮಾಡಿ ಅಳದು ನೋಡಿದ್ರು, ಟೀಚರ್ ಪ್ರಶ್ನಿ ಕೇಳಿ ಸರಾಸರಿ ಒಂದು ಸೆಕೆಂಡೇ ಕಾಯೋದಂತ, ಅಷ್ಟರಾಗ ತಾವೇ ಉತ್ತರ ಹೇಳೋದು ಇಲ್ಲ ಇನ್ನೊಬ್ಬರಿಗಿ ಕೇಳೋದು. ಮೂರು ಸೆಕೆಂಡ್ ಅಥವಾ ಜಾಸ್ತಿ ಕಾದ ಕಡಿ ಉತ್ತರ ಉದ್ದ ಆದ್ವು, ಸುಮ್ಮ ಕೂಡೋರು ಕಡಿಮಿ ಆದ್ರು, ಹುಡುಗ್ರೇ ತಿರುಗಿ ಪ್ರಶ್ನಿ ಕೇಳ್ಲಿಕ್ಕ ಹತ್ತಿದ್ರು. ಕನ್ನಡ ಮನಿ ಮಾತಲ್ಲದ ಹುಡುಗಗ ಮೂರು ಸೆಕೆಂಡೂ ಸಾಲಲ್ಲ, ಅವ ಮನಸ್ಸಿನ್ಯಾಗ ಮೊದ್ಲು ತನ್ನ ಮಾತಿನ್ಯಾಗ ಜೋಡಸ್ಬೇಕು. ಮುಂದಿನ ಬೆಂಚಿನ ಶ್ಯಾಣ್ಯಾ ಕೈ ಎತ್ತಿ "ಸರ್ ಸರ್ ನಾ ಹೇಳ್ತೀನ್ರಿ" ಅಂತ ಕುಣೀತಾನ, ಕುಣೀಲಿ ಬಿಡ್ರಿ, ಕೈ ಎತ್ತೋದನ್ನೇ ಬಂದ್ ಮಾಡಿದ್ರ ಇನ್ನೂ ಛಲೋ.

ಮನಿ ಮಾತಿಗಿ ಜಾಗ ಕೊಡ್ರಿ

ಇದು ನಮ್ ಬೀದರ್, ಕಲಬುರಗಿ, ಯಾದಗಿರಿ ಮೂರು ಜಿಲ್ಲಾದವ್ರು ಜಾಸ್ತಿ ವಿಚಾರ ಮಾಡ್ಬೇಕಾದ ವಿಷಯ, ಬೆಂಗಳೂರಿನ ಟ್ರೇನಿಂಗ್ ಮಾಡ್ಯೂಲಿನ್ಯಾಗ ಇದು ಒಂದು ಸಾಲಿನ್ಯಾಗ ಮುಗದ ಹೋಗಿರ್ತದ. ಔರಾದ, ಭಾಲ್ಕಿ ಕಡಿ ಮನ್ಯಾಗ ಮರಾಠಿ, ಗುರುಮಠಕಲ್, ಸೇಡಂ ಕಡಿ ತೆಲುಗು, ಚಿಂಚೋಳಿ, ಚಿತ್ತಾಪುರದ ತಾಂಡಾ ಹುಡುಗ್ರಿಗಿ ಲಂಬಾಣಿ, ಊರೊಳಗ ಉರ್ದು. ಒಂದೇ ಕ್ಲಾಸಿನ್ಯಾಗ ಮೂರು ನಾಕು ಭಾಷಾ ಇರ್ತಾವ, ಅದರ ಮ್ಯಾಲ ಪುಸ್ತಕದ ಕನ್ನಡ ಬ್ಯಾರೆ, ನಮ್ಮ ಆಡು ಕನ್ನಡ ಬ್ಯಾರೆ. "ಕನ್ನಡದಾಗೇ ಮಾತಾಡ್ರಿ" ಅಂತ ಜೋಡಿ ಮಾತುಕತಿಗೂ ರೂಲ್ ಹಾಕಿದ್ರ ತಾಂಡಾ ಹುಡುಗಿ ಬಾಯಿ ಮುಚ್ಕೊಂಡು ಕೂಡ್ತಾಳ, ಆಕಿಗಿ ಗೊತ್ತಿಲ್ಲ ಅಂತ ನಾವು ತಿಳ್ಕೊಂತೀವಿ.

ನಾ ಮಾಡೋದು ಹಿಂಗ: ಜೋಡಿಯೊಳಗ ಯಾವ ಮಾತಿನ್ಯಾಗ ಬೇಕಾದ್ರೂ ಮಾತಾಡ್ಲಿ, ಇಡೀ ಕ್ಲಾಸಿಗಿ ಹೇಳ್ವಾಗ ಕನ್ನಡ. ಅದಕ್ಕ ಮೊದಲಿನ ಕೆಲವು ವಾರ ಒಂದೇ ಮಾತಿನವ್ರನ್ನ ಜೋಡಿ ಮಾಡ್ರಿ, ಧೈರ್ಯ ಬಂದ ಮ್ಯಾಲ ಅದಲ್ ಬದಲ್ ಮಾಡ್ರಿ. ನಡುವ ಒಂದು ಶಬ್ದ ಲಂಬಾಣಿದು ಬಂತಂದ್ರ ಬರ್ಲಿ, ಬಾಜೂಕಿನವ ಕನ್ನಡದಾಗ ಹೇಳ್ತಾನ, ಅದೂ ಸಹಕಾರನೇ. ನಗೋದು ಮಾತ್ರ ನಡ್ಯಂಗಿಲ್ಲ. ಯಾರರೆ ತಪ್ಪು ಉಚ್ಚಾರ ಮಾಡಿದಾಗ ಕ್ಲಾಸ್ ನಕ್ರ ಆ ಹುಡುಗ ಆ ವರ್ಷ ಪೂರಾ ಬಾಯಿ ಬಿಡಲ್ಲ, ಮತ್ತ ಖರೆ ಹೇಳ್ಬೇಕಂದ್ರ ಒಮ್ಮೊಮ್ಮಿ ಮೊದ್ಲು ನಗೋರು ನಾವೇ ಇರ್ತೀವಿ.

ಮಾತು ಹ್ಯಾಂಗ ಮುಂದುವರ್ಸೋದು ಅಂತ ಹುಡುಗ್ರಿಗಿ ಗೊತ್ತಿರಲ್ಲ. ಒಬ್ಬ ಹೇಳಿದ, ಇನ್ನೊಬ್ಬ "ಹೂಂ" ಅಂದ, ಮುಗೀತು. ಅದಕ್ಕ ಗ್ವಾಡಿ ಮ್ಯಾಲ ಕೆಲವು ಸಾಲು ದೊಡ್ಡದಾಗಿ ಬರದು ಹಚ್ಚ್ರಿ, ಅದೂ ಅವ್ರ ಮಾತಿನ್ಯಾಗೇ:

"ನೀ ಹೇಳಿದ್ದು ಖರೆ, ಅದರ ಜೋಡಿ ಇನ್ನೊಂದು ಅದ..."
"ನಂಗ ಹಂಗ ಅನಸವಲ್ದು, ಯಾಕಂದ್ರ..."
"ಇನ್ನೊಮ್ಮಿ ಹೇಳು, ತಿಳೀಲಿಲ್ಲ."
"ಇದು ನಿಂಗ ಹ್ಯಾಂಗ ಗೊತ್ತಾಯ್ತು?"

ಮೊದ್ಲಿಗಿ ಗಿಳಿಪಾಠದಂಗ ಹೇಳ್ತಾರ, ನಗು ಬರ್ತದ, ನಡೀತದ. ಎರಡನೇ ಸಾಲು ರೂಢಿ ಆಯ್ತಂದ್ರ ಸಾಕು, ಒಪ್ಪಲಾರದ್ದನ್ನ ಜಗಳ ಇಲ್ದೆ ಹೇಳೋದು ದೊಡ್ಡವ್ರಿಗೇ ಬರಲ್ಲ. ಬಸವಕಲ್ಯಾಣದ ಅನುಭವ ಮಂಟಪದ ಪಾಠ ಎಲ್ಲರೂ ಮಾಡ್ತೀವಿ, ಅಲ್ಲಮಪ್ರಭು ಪೀಠದಾಗ ಕುಂತಿರ್ತಿದ್ರು, ಎಲ್ಲ ಕಾಯಕದವ್ರು, ಹೆಣ್ಮಕ್ಕಳು ಬಂದು ಚರ್ಚಾ ಮಾಡ್ತಿದ್ರು ಅಂತ ನಲವತ್ತು ನಿಮಿಷ ನಾವೊಬ್ಬರೇ ಮಾತಾಡಿ ಹೊರಗ ಬರ್ತೀವಿ!

ಈಗ ಗುಂಪು

ಗುಂಪು ಮಾಡೋದು ನಿಮ್ಮ ಕೈಯಾಗ ಇರ್ಲಿ. "ನೀವೇ ಗುಂಪು ಮಾಡ್ಕೋರಿ" ಅಂದ್ರ ಏನಾಗ್ತದ ಅಂತ ಹಳ್ಳಿ ಶಾಲ್ಯಾಗ ಕೆಲಸ ಮಾಡಿದವ್ರಿಗಿ ಹೇಳೋದು ಬ್ಯಾಡ, ಓಣಿ ಪ್ರಕಾರ ಕೂಡ್ತಾರ, ಓಣಿ ಅಂದ್ರ ಏನಂತ ನಿಮಗೂ ಗೊತ್ತದ. ಹಾಜರಿ ನಂಬರ್ ಮ್ಯಾಲ ಒಂದು, ಎರಡು, ಮೂರು, ನಾಕು ಅಂತ ಎಣಸಿ ಮಾಡ್ರಿ, ಯಾರೂ ಏನೂ ಅನ್ನಂಗಿಲ್ಲ. ಹೈಸ್ಕೂಲಿನ್ಯಾಗ ಗಂಡಹುಡುಗ್ರು ಹೆಣ್ಣಹುಡುಗ್ರನ್ನ ಕೂಡ್ಸಿದ್ರ ಮೊದ್ಲು ಎರಡೂ ಕಡಿ ಮಾತು ನಿಂತು ಹೋಗ್ತದ, ಆ ಕಾರಣಕ್ಕ ಗುಂಪಿನ್ಯಾಗ ಇಬ್ರು ಹುಡುಗೇರು ಇಬ್ರು ಹುಡುಗ್ರು ಇರ್ಲಿ, ಒಬ್ಬಾಕಿನ್ನೇ ಮೂರು ಮಂದಿ ಹುಡುಗ್ರ ನಡುವ ಹಾಕಬ್ಯಾಡ್ರಿ. ನಾಕು ಮಂದಿ ಬೆಸ್ಟ್, ಆರಕ್ಕ ಹೋದ್ರ ಇಬ್ರು ಮಲಕೋತಾರ.

ಅಡಗಿ ಕೂಡೋರನ್ನ ತಡೀಲಿಕ್ಕ ಸಸಾರ ಉಪಾಯ ನಂಬರ್. ಪ್ರತಿ ಗುಂಪಿನ್ಯಾಗ ಒಂದರಿಂದ ನಾಕು ನಂಬರ್ ಕೊಡ್ರಿ, ಪ್ರಶ್ನಿ ಕೊಡ್ರಿ, ಗುಂಪು ಚರ್ಚಾ ಮಾಡಿ ಎಲ್ಲರಿಗೂ ಉತ್ತರ ತಿಳಿಯಂಗ ಮಾಡ್ಕೊಳ್ಳಿ. ಆಮ್ಯಾಲ ನೀವು ಚೀಟಿ ಎತ್ರಿ, ಮೂರು ಬಂತು, ಎಲ್ಲ ಗುಂಪಿನ ಮೂರನೇ ನಂಬರಿನವ್ರು ಎದ್ದು ನಿಂತು ಹೇಳ್ಬೇಕು. ಯಾರ ನಂಬರ್ ಬರ್ತದ ಗೊತ್ತಿಲ್ಲದ್ದಕ್ಕ ಶ್ಯಾಣ್ಯಾ ಹುಡುಗಿ ತಾನೇ ಹಿಂದಿನವಗ "ಏ ಕೇಳ್ಕೋ, ನಿಂದೇ ಬಂದ್ರ?" ಅಂತ ಹೇಳಿಕೊಡ್ತಾಳ. ನಾವು ಹತ್ತು ಸಲ ಹೇಳಿದ್ದು ತಲಿಗಿ ಹೋಗಿರಲ್ಲ, ಗೆಳತಿ ಒಮ್ಮಿ ಹೇಳಿದ್ದು ಹೋಗ್ತದ.

ಉಲ್ಟಾ ತೊಂದ್ರಿನೂ ಅದ, ಒಬ್ಬನೇ ಬಾಯಿ ಮಾಡೋದು. ಅದಕ್ಕ ಒಬ್ಬೊಬ್ರಿಗಿ ಮೂರು ಹುಣಸಿ ಬೀಜ ಕೊಡ್ರಿ, ಒಮ್ಮಿ ಮಾತಾಡಿದ್ರ ಒಂದು ಬೀಜ ನಡುವ ಇಡ್ಬೇಕು, ಮೂರೂ ಮುಗದ ಮ್ಯಾಲ ಉಳಿದವ್ರದ್ದು ಮುಗಿಯೋತನ ಬಾಯಿ ಬಂದ್. ವಾರಕ್ಕೊಮ್ಮಿ ಮಾಡಿದ್ರ ಸಾಕು, ದಿನಾ ಮಾಡಿದ್ರ ಅದೇ ಆಟ ಆಗಿ ಪಾಠ ಮರೀತಾರ.

ಒಬ್ಬೊಬ್ರ ಕೈಯಾಗ ಒಂದೊಂದು ತುಣುಕು

ನನಗ ಎಲ್ಲಕ್ಕಿಂತ ಹಿಡಿಸಿದ್ದು ಜಿಗ್ಸಾ ಪದ್ಧತಿ. ಎಲಿಯಟ್ ಆರನ್ಸನ್ ಅಂತ ಮನಃಶಾಸ್ತ್ರಜ್ಞ 1971ರಾಗ ಟೆಕ್ಸಾಸಿನ ಆಸ್ಟಿನ್ ಊರಾಗ ಚಾಲೂ ಮಾಡಿದ್ದು. ಆಗಷ್ಟೇ ಅಲ್ಲಿ ಬಿಳಿಯರ, ಕರಿಯರ, ಮೆಕ್ಸಿಕನ್ ಮೂಲದ ಹುಡುಗ್ರನ್ನ ಒಂದೇ ಶಾಲಿಗಿ ಕೂಡ್ಸಿದ್ರು, ದಿನಾ ಹೊಡೆದಾಟ. ಅವ ಪಾಠನ್ನೇ ತುಣುಕು ಮಾಡಿ ಒಬ್ಬೊಬ್ರಿಗಿ ಒಂದೊಂದು ಕೊಟ್ಟ, ಉಳಿದ ತುಣುಕು ಬೇಕಂದ್ರ ಬಾಜೂಕಿನವನ ಮಾತು ಕೇಳ್ಲೇಬೇಕು, ಬ್ಯಾರೆ ದಾರಿ ಇಲ್ಲ. ಓಣಿ ಲೆಕ್ಕ ಇರೋ ನಮ್ಮ ಕ್ಲಾಸಿಗಿ ಇದು ಯಾಕ ಹೊಂದ್ತದ ಅಂತ ಬಿಡಿಸಿ ಹೇಳ್ಬೇಕಾ.

ಬಹಮನಿ ಪಾಠ ತಗೋರಿ, ನಮ್ಮೂರಿನದೇ. ಇದಕ್ಕ ಮಾತ್ರ ಐದು ಮಂದಿ ಗುಂಪು, ಐದು ತುಣುಕು. ಮೊದಲ್ನೇದು, 1347ರಾಗ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ರಾಜ್ಯ ಕಟ್ಟಿದ್ದು, ಕಲಬುರಗಿ ರಾಜಧಾನಿ ಆಗಿದ್ದು. ಎರಡನೇದು, ಕಲಬುರಗಿ ಕೋಟಿಯೊಳಗಿನ ಜಾಮಿಯಾ ಮಸೀದಿ, 1367ರದ್ದು, ನಡುವ ತೆರೆದ ಅಂಗಳ ಇಲ್ದೆ ಪೂರಾ ಮ್ಯಾಲ ಮುಚ್ಚಿದ್ದು. ಮೂರನೇದು, ಅಹ್ಮದ್ ಷಾ ರಾಜಧಾನಿ ಬೀದರಿಗಿ ತಗೊಂಡ ಹೋಗಿದ್ದು. ನಾಕನೇದು, ಇರಾನಿನಿಂದ ಬಂದು ಪ್ರಧಾನಿ ಆದ ಮಹಮೂದ್ ಗವಾನ್, ಬೀದರಿನ್ಯಾಗ 1472ರಾಗ ಕಟ್ಟಿಸಿದ ಮದರಸಾ, 1481ರಾಗ ಸುಲ್ತಾನನೇ ಅವನನ್ನ ಕೊಲ್ಲಿಸಿದ್ದು. ಐದನೇದು, ರಾಜ್ಯ ಒಡದು ವಿಜಯಪುರ, ಅಹ್ಮದನಗರ, ಗೋಲ್ಕೊಂಡ, ಬೀದರ್, ಬೇರಾರ್ ಅಂತ ಐದು ಆಗಿದ್ದು. ಒಂದೊಂದು ತುಣುಕು ಅರ್ಧ ಪುಟ ಬರೀರಿ, ಝೆರಾಕ್ಸ್ ಇಲ್ಲಂದ್ರ ಪುಸ್ತಕದ ಪ್ಯಾರಾ ಗುರ್ತು ಮಾಡಿ ಕೊಟ್ರೂ ನಡೀತದ, ಆದ್ರ ಉಳಿದವ್ರ ಪುಸ್ತಕ ಬ್ಯಾಗಿನ್ಯಾಗ ಹಾಕ್ಸ್ರಿ.

ಮೊದ್ಲು ಒಂದೇ ತುಣುಕು ಇದ್ದವ್ರೆಲ್ಲ ಒಂದು ಕಡಿ ಕೂಡ್ತಾರ, ಹತ್ತು ನಿಮಿಷ ಓದಿ ಹ್ಯಾಂಗ ಹೇಳ್ಬೇಕು ಅಂತ ತಯಾರಿ ಮಾಡ್ತಾರ. ಈ ಹೆಜ್ಜಿ ಬಿಡಬ್ಯಾಡ್ರಿ, ಓದ್ಲಿಕ್ಕ ತಡವರ್ಸೋ ಹುಡುಗ ಗಟ್ಟಿ ಆಗೋದು ಇಲ್ಲೇ. ಆಮ್ಯಾಲ ಅವರವರ ಗುಂಪಿಗಿ ವಾಪಸ್ ಹೋಗಿ ಒಬ್ಬೊಬ್ರು ಮೂರು ನಿಮಿಷ ಹೇಳ್ಬೇಕು, ಪೇಪರ್ ನೋಡಂಗಿಲ್ಲ. ಕಡಿಗಿ ಗುಂಪಿಗೊಂದು ಪ್ರಶ್ನಿ, ಇದು ಯಾವ ಒಂದು ತುಣುಕಿನ್ಯಾಗೂ ಇರಬಾರ್ದು: ಒಂದೇ ರಾಜ್ಯದ ಮಸೀದಿ ಕಲಬುರಗ್ಯಾಗ, ಮದರಸಾ ಬೀದರಿನ್ಯಾಗ ಯಾಕ? ಗವಾನ್ ಸಾವಿಗೂ ರಾಜ್ಯ ಒಡದಿದ್ದಕ್ಕೂ ಸಂಬಂಧ ಅದ ಅಂತ ಅನಸ್ತದಾ? ಎರಡನೇದಕ್ಕ ಒಂದೇ ಉತ್ತರ ಇಲ್ಲ, ಜಗಳ ಹತ್ಲಿ, ಗ್ವಾಡಿ ಮ್ಯಾಲಿನ ಸಾಲು ಕೆಲಸಕ್ಕ ಬರೋದು ಈಗ.

ಒಂದು ಪೀರಿಯಡ್ಡಿನ್ಯಾಗ ಮುಗಿಯಲ್ಲ, ಎರಡು ಬೇಕು. ಮತ್ತ ನಮ್ ಕಡಿ ದೊಡ್ಡ ಅಡಚಣಿ ಗೈರಹಾಜರಿ. ಯಾದಗಿರಿ, ಶಹಾಪುರ ಕಡಿ ಹತ್ತಿ ಬಿಡಿಸೋ ದಿನ, ನಮ್ ಕಡಿ ತೊಗರಿ ರಾಶಿ ದಿನ, ಎಳ್ಳ ಅಮವಾಸಿ ಹಿಂದ ಮುಂದ, ಕ್ಲಾಸಿನ್ಯಾಗ ಅರ್ಧ ಮಂದಿ ಇರಲ್ಲ. ಗುಂಪಿನ್ಯಾಗ ಒಬ್ಬ ಇಲ್ಲಂದ್ರ ಒಂದು ತುಣುಕೇ ಮಾಯ. ಆ ತಿಂಗಳಿನ್ಯಾಗ ಒಂದು ತುಣುಕು ಇಬ್ಬಿಬ್ರಿಗಿ ಕೊಡ್ರಿ, ಗುಂಪು ದೊಡ್ಡದಾದ್ರೂ ಅಡ್ಡಿಯಿಲ್ಲ. ಅವ್ವ-ಅಪ್ಪನ ಜೋಡಿ ಪುಣೆ, ಮುಂಬೈ, ಹೈದ್ರಾಬಾದಿಗಿ ದುಡಿಲಿಕ್ಕ ಹೋಗಿ ಎರಡು ತಿಂಗಳಿಗಿ ತಿರುಗಿ ಬಂದ ಹುಡುಗನ್ನ ಅವನ ಹಳಿ ಗುಂಪಿಗೇ ಹಾಕ್ರಿ, ಹೊಸದಕ್ಕಲ್ಲ. ಬಿಟ್ಟುಹೋದ ಪಾಠ ಗುಂಪಿನವ್ರು ಹೇಳ್ಲಿ, ಎರಡು ದಿನ ಅವನ ನಂಬರ್ ಚೀಟಿ ಎತ್ತಬ್ಯಾಡ್ರಿ.

ಫರ್ಸಿ, ನಿಂಬಿಹಣ್ಣು, ಚಾಕ್‌ಪೀಸ್

ಚಾರ್ಟ್ ಪೇಪರಿಗಿ ದುಡ್ಡು ಯಾರು ಕೊಡ್ತಾರ್ರಿ ಅಂತ ಕೇಳೋರಿಗಿ: ಕ್ಲಾಸಿನ ನೆಲ ನೋಡ್ರಿ. ನಮ್ ಕಡಿ ಹಳಿ ಶಾಲಿ ಅಂದ್ರ ಶಹಾಬಾದ್ ಫರ್ಸಿ, ಒಂದೊಂದು ಗುಂಪಿಗಿ ಎರಡು ಫರ್ಸಿ ಹಂಚಿ ಚಾಕ್‌ಪೀಸ್ ಕೊಡ್ರಿ, ಸುತ್ತ ಕುಂತು ನಾಕೂ ಕಡಿಯಿಂದ ಬರೀತಾರ. ಚಾರ್ಟಿನ ಮ್ಯಾಲ ಒಬ್ಬಾಕಿನೇ ಬರಿಯೋದು ಯಾಕಂದ್ರ ತಪ್ಪಾದ್ರ ಕೆಡ್ತದ ಅನ್ನೋ ಹೆದರಿಕಿ, ಫರ್ಸಿ ಮ್ಯಾಲ ಕೈಲೇ ವರಸಿದ್ರ ಹೋಯ್ತು.

ಅದೇ ಫರ್ಸಿಯಿಂದ ಹತ್ತನೇ ಕ್ಲಾಸಿನ ಆಮ್ಲದ ಪಾಠನೂ ಆಗ್ತದ. ಶಹಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲು, ವಾಡಿ ಸುತ್ತ ಸಿಮೆಂಟ್ ಫ್ಯಾಕ್ಟರಿ ಇರೋದೂ ಅದಕ್ಕೇ. ಒಂದು ಗುಂಪಿಗಿ ಫರ್ಸಿ ತುಂಡು, ಒಂದಕ್ಕ ಕರಿಕಲ್ಲು, ಒಂದಕ್ಕ ಬೀದರ್ ಕಡಿ ಸಿಗೋ ಕೆಂಪು ಜಂಬಿಟ್ಟಿಗೆ ಕಲ್ಲು, ಒಂದಕ್ಕ ಇಟ್ಟಂಗಿ ಚೂರು. ಎಲ್ಲರೂ ಸ್ವಲ್ಪ ಕೆರದು ಪುಡಿ ಮಾಡಿ ನಿಂಬಿಹಣ್ಣು ಹಿಂಡಲಿ. ಫರ್ಸಿ ಪುಡಿಯಿಂದ ಸಣ್ಣ ಸಣ್ಣ ಗುಳ್ಳಿ ಏಳ್ತಾವ, ಉಳಿದವ್ರದ್ದು ಸುಮ್ಮ. ಒಂದು ಗುಂಪಿನ ಫಲಿತಾಂಶದಿಂದ ಏನೂ ಹೇಳ್ಲಿಕ್ಕ ಬರಲ್ಲ, ನಾಕೂ ಗುಂಪಿನವ್ರು ಓಡಾಡಿ ಕೇಳಿ ಒಂದು ಕೋಷ್ಟಕ ಮಾಡ್ಬೇಕು, ಆಗ ಕಾರ್ಬೋನೇಟ್ (ಸುಣ್ಣದ ಕಲ್ಲಿನ್ಯಾಗ ಇರೋದು) ಇದ್ದಲ್ಲಿ ಮಾತ್ರ ಗ್ಯಾಸ್ ಬರ್ತದ ಅನ್ನೋದಕ್ಕ ಬರ್ತಾರ. ಇಂಥ ಪ್ರಯೋಗದಾಗ ಹಿಂಡೋನು, ನೋಡೋನು, ಬರಿಯೋನು, "ಯಾಕ" ಅಂತ ಕೇಳೋನು ಅಂತ ಕೆಲಸ ಹಂಚ್ರಿ, ಮುಂದಿನ ಸಲ ಬದ್ಲಿ ಮಾಡ್ರಿ, ಇಲ್ಲಂದ್ರ ಹುಡುಗೇರೇ ಖಾಯಂ ಬರೀತಾರ, ಹುಡುಗ್ರೇ ಖಾಯಂ ಹಿಂಡ್ತಾರ.

ಅಂಕ, ಗದ್ದಲ, ಪೋರ್ಷನ್

ಗುಂಪಿಗಿ ಒಂದೇ ಅಂಕ ಕೊಡಬ್ಯಾಡ್ರಿ. ದುಡದವ್ರಿಗಿ ಸಿಟ್ಟು, ಕುಂತವ್ರಿಗಿ ಪುಕ್ಕಟ. ಅದರ ಬದ್ಲಿ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯ ರಾಬರ್ಟ್ ಸ್ಲೇವಿನ್ ಹೇಳಿದ ಲೆಕ್ಕ ಛಲೋ ಅದ: ಗುಂಪಿನ್ಯಾಗ ಓದ್ಲಿ, ಟೆಸ್ಟ್ ಮಾತ್ರ ಒಬ್ಬೊಬ್ರೇ ಬರೀಲಿ, ಗುಂಪಿನ ಪಾಯಿಂಟ್ ಅಂದ್ರ ಒಬ್ಬೊಬ್ರು ತಮ್ಮ ಹಿಂದಿನ ಅಂಕಕ್ಕಿಂತ ಎಷ್ಟು ಮ್ಯಾಲ ಬಂದ್ರು ಅನ್ನೋದರ ಮೊತ್ತ. ಹತ್ತಕ್ಕ ಮೂರು ತಗೋತಿದ್ದವ ಆರು ತಗೊಂಡ್ರ ಗುಂಪಿಗಿ ಮೂರು ಪಾಯಿಂಟ್, ಒಂಬತ್ತರವ ಒಂಬತ್ತೇ ತಗೊಂಡ್ರ ಸೊನ್ನಿ (ಹತ್ತಕ್ಕ ಹತ್ತು ಬಂದವ್ರಿಗಿ ಪೂರಾ ಪಾಯಿಂಟ್ ಕೊಟ್ಟುಬಿಡ್ರಿ, ಇಲ್ಲಂದ್ರ ಅವ್ರ ಪಾಲಕರು ಬರ್ತಾರ). ಹಿಂದಿನ ಬೆಂಚಿನವ ಗುಂಪಿಗಿ ಬೇಕಾದಾವ ಆಗ್ತಾನ, ಈ ಒಂದು ಬದಲಾವಣಿಯಿಂದ.

ಗದ್ದಲ ಆಗ್ತದ, ಆಗ್ಲೇಬೇಕು. ಬಾಜೂಕಿನ ಕ್ಲಾಸಿನವ್ರಿಗಿ ಮೊದ್ಲೇ ಹೇಳಿ ಇಡ್ರಿ, ಹೆಡ್‌ಮಾಸ್ತರ್‌ಗೂ ಲೆಸನ್ ಪ್ಲಾನಿನ್ಯಾಗ ಬರದು ತೋರಸ್ರಿ, ಕೇಳಿದಾಗ ಹೇಳೋದಕ್ಕಿಂತ ಅದು ಛಲೋ. ನಿಲ್ಸ್ಲಿಕ್ಕ ಒದರಬ್ಯಾಡ್ರಿ, ನೀವು ಕೈ ಎತ್ತಿ ನಿಂದ್ರಿ, ನೋಡಿದವ್ರು ಕೈ ಎತ್ತಿ ಸುಮ್ಮ ಆಗ್ಬೇಕು ಅಂತ ಮೊದಲ್ನೇ ವಾರದಾಗೇ ರೂಢಿ ಮಾಡ್ರಿ. ಮಾರ್ಚಿನಿಂದ ಬಿಸಲಿಗಿ ಶೀಟ್ ಕೆಳಗ ಕೂಡ್ಲಿಕ್ಕಾಗಲ್ಲ, ಬೇವಿನ ಗಿಡದ ಕೆಳಗ ಗುಂಪು ಮಾಡ್ರಿ, ಗದ್ದಲದ ತಂಟೆನೂ ಇಲ್ಲ.

ಪೋರ್ಷನ್ ಬಗ್ಗೆ. 2024ರ ಎಸ್ಸೆಸ್ಸೆಲ್ಸಿಯೊಳಗ ಯಾದಗಿರಿ ಕೊನೀಗಿ, 2025ರಾಗ ಕಲಬುರಗಿ ಕೊನೀಗಿ ಬಂದ ಮ್ಯಾಲ ಹತ್ತನೇ ಕ್ಲಾಸಿನವ್ರ ಮ್ಯಾಲ ಒತ್ತಡ ಎಷ್ಟದ ಅಂತ ಎಲ್ಲರಿಗೂ ಗೊತ್ತದ, ಇದೆಲ್ಲ ಮಾಡ್ಲಿಕ್ಕ ಟೈಮ್ ಎಲ್ಲದ ಅಂತೀರಿ. ಎಲ್ಲ ಪಾಠಕ್ಕ ಮಾಡಬ್ಯಾಡ್ರಿ. ಜೋಡಿ ಮಾತು ದಿನಾ ಐದು ನಿಮಿಷ, ನಂಬರಿನ ಚೀಟಿ ವಾರದಾಗ ಎರಡು ಸಲ, ಜಿಗ್ಸಾ ತಿಂಗಳಿಗೊಂದು, ಅದೂ ಉದ್ದ ಇರೋ, ತುಣುಕು ಆಗೋ ಪಾಠಕ್ಕ. ಹೊಸ ಸೂತ್ರ, ವಿಭಕ್ತಿ ಪ್ರತ್ಯಯ, ಲೆಕ್ಕದ ಮೊದಲ್ನೇ ಹೆಜ್ಜಿ, ಇವನ್ನ ನೇರ ಬೋರ್ಡಿನ ಮ್ಯಾಲ ನೀವೇ ಹೇಳಿಕೊಡ್ರಿ, ಯಾರಿಗೂ ಗೊತ್ತಿಲ್ಲದ್ದನ್ನ ನಾಕು ಮಂದಿ ಕೂಡಿ ಚರ್ಚಾ ಮಾಡಿದ್ರ ಪೀರಿಯಡ್ ಹಾಳು. ಹೇಳಿಕೊಟ್ಟ ಮ್ಯಾಲ ಎರಡನೇ ಲೆಕ್ಕ ಜೋಡಿಗಿ ಕೊಡ್ರಿ, ಒಬ್ಬ ಬಾಯಿಲೇ ಹೇಳ್ಬೇಕು, ಇನ್ನೊಬ್ಬ ಹೇಳಿದಷ್ಟೇ ಬರೀಬೇಕು, ಮೂರನೇ ಲೆಕ್ಕಕ್ಕ ಬದಲಿ.